ಪಲಗ್ ಅಜ್ಜಿಗೆ ನಾನು ಕೊಟ್ಟ ಅರವತ್ತನಾಲ್ಕು ಅಂಕ

ಕೊನೆಯ ಹೆಪ್ಪಿನ ತೊಂಬತ್ತೆಂಟನೆಯ ವರ್ಷ,
ಎರಡನೆಯ ಬೇಸಿಗೆಯ ಹದಿನೇಳನೆಯ ದಿನ,
ಒನೇಗಾ ಸರೋವರದ ಪಡುದಡ

ಹಿಂದಿನವರಿಗೆ,

ಮೇಲಿನ ತಾರೀಖು ನಿಮಗೆ ಅರ್ಥವಾಗಲಾರದು. ಇಲ್ಲಿನ ದೊಡ್ಡ ಸರೋವರ ದಡದಿಂದ ದಡಕ್ಕೆ ಹೆಪ್ಪುಗಟ್ಟಿದ ಕೊನೆಯ ಚಳಿಗಾಲದಿಂದ ನಾವು ವರ್ಷ ಎಣಿಸುತ್ತೇವೆ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರಾ ಎಂಬತ್ತೊಂಬತ್ತನೆಯ ಇಸವಿ. ನನ್ನ ಕನ್ನಡ ಕೂಡ ನಿಮಗೆ ಅಲ್ಲಲ್ಲಿ ಒರಟಾಗಿ ಕೇಳಿಸೀತು. ಕನ್ನಡ ಆಡದ ಊರುಗಳಲ್ಲಿ ನಲವತ್ತು ವರ್ಷ ಕಳೆದಿದ್ದೇನೆ. ನಮ್ಮ ಕಾಲದ ಕೆಲವು ಪದಗಳು ಹೆಸರಿಸುವ ವಸ್ತುಗಳೇ ನಿಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಅಂಥವು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಮಿಕ್ಕದ್ದನ್ನು ಮನ್ನಿಸಿ.

ಎಪ್ಪತ್ತು ದಾಟಿದವರಿಗೆ ಹಿಂದಂಚೆಯಲ್ಲಿ ಒಂದು ಕಾಗದ ಕಳಿಸುವ ಹಕ್ಕಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಅದು ಯಾರ ಕೈಗೆ ಸೇರುತ್ತದೆಂದು ನಾವು ಆರಿಸುವಂತಿಲ್ಲ, ಭಾಷೆಯೊಂದನ್ನು ಮಾತ್ರ ಆರಿಸಬಹುದು. ಉತ್ತರ ಬರುವುದಿಲ್ಲ. ಈ ಕಾಗದದಿಂದ ಆಗಿಹೋದದ್ದೇನೂ ಬದಲಾಗುವುದಿಲ್ಲ ಎಂದು ಅಂಚೆಯವರು ಮೊದಲೇ ಸಹಿ ಹಾಕಿಸಿಕೊಳ್ಳುತ್ತಾರೆ. ಹೆಚ್ಚಿನವರು ತಮ್ಮ ಮುತ್ತಜ್ಜಂದಿರಿಗೆ ಪ್ರೀತಿಯ ನಾಲ್ಕು ಮಾತು ಬರೆಯುತ್ತಾರೆ. ನನಗೆ ಎಪ್ಪತ್ತೆರಡಾಯಿತು, ಎರಡು ವರ್ಷ ಮುಂದೂಡಿದೆ. ಬರೆಯಬೇಕಾದ್ದು ಪ್ರೀತಿಯ ಮಾತಲ್ಲ ಎಂಬುದು ಗೊತ್ತಿದ್ದುದರಿಂದಲೇ ಮುಂದೂಡಿದೆ.

ನನ್ನ ಹೆಸರು ಚಿಕ್ಕತಾಯಿ. ಹುಟ್ಟಿದ್ದು ಹನೂರಿನ ಕಡೆ. ಕೆಲಸದಲ್ಲಿ ಒರೆಗಾರ್ತಿಯಾಗಿದ್ದೆ. ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ನೋಡುವ ಹಾಗೆ ಮನುಷ್ಯರ ಮಾತನ್ನು ಉಜ್ಜಿ ನೋಡುವ ಕೆಲಸ. ನಮ್ಮ ಕಾಲದಲ್ಲಿ ಒಂದು ಕಾನೂನಿದೆ: ಸಾಯುತ್ತಿರುವ ನುಡಿಯೊಂದನ್ನು ತಾಯಿಯ ಬಾಯಿಂದ ಕಲಿತು ಆಡುವವರು ಒಬ್ಬರೇ ಒಬ್ಬರು ಒಂದು ಊರಲ್ಲಿದ್ದರೂ ಆ ಊರು, ಅದರ ಕಾಡು, ಅದರ ನೀರು ನುಡಿನೆಲ ಎನಿಸಿಕೊಳ್ಳುತ್ತದೆ. ನುಡಿನೆಲವನ್ನು ಯಾರೂ ಮುಟ್ಟುವಂತಿಲ್ಲ. ಹಾಗೆ ಆಡುವವರನ್ನು ಮಾತಾಳು ಎನ್ನುತ್ತೇವೆ. ಯಾರು ಮಾತಾಳು, ಯಾರು ಅಲ್ಲ ಎಂದು ಹತ್ತು ವರ್ಷಕ್ಕೊಮ್ಮೆ ತೀರ್ಮಾನಿಸಬೇಕು. ತೀರ್ಮಾನಿಸುವವರು ಅಕ್ಕಪಕ್ಕದ ನಾಡಿನವರಾಗಿರಬಾರದು ಎಂದು ಕಾನೂನು ಮಾಡಿದವರು ಬಗೆದರು. ನೆರೆಯವರಿಗೆ ಹಳೆಯ ಜಗಳಗಳಿರುತ್ತವಲ್ಲ. ಆದ್ದರಿಂದ ನಮ್ಮ ಕಡೆಯ ಕೊರಗ ನುಡಿಯನ್ನು ಒರೆಹಚ್ಚಲು ಎಸ್ಟೋನಿಯಾದವನೊಬ್ಬ ಹೋದ. ವೆಪ್ಸ್ ನುಡಿಯನ್ನು ಒರೆಹಚ್ಚಲು ನಾನು ಇಲ್ಲಿಗೆ ಬಂದೆ.

ವೆಪ್ಸ್ ಹೆಸರನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಫಿನ್ನಿಕ್ ಎನ್ನುವ ನುಡಿಬಳಗದಲ್ಲಿ ಫಿನ್ನಿಷ್, ಎಸ್ಟೋನಿಯನ್ ದೊಡ್ಡ ಮನೆಗಳು. ಅವಕ್ಕೆ ದೇಶವಿದೆ, ಶಾಲೆಯಿದೆ. ಕರೇಲಿಯನ್, ವೆಪ್ಸ್, ಇಂಗ್ರಿಯನ್, ವೋಟಿಕ್, ಲಿವೋನಿಯನ್ ಇವೆಲ್ಲ ಕಾಡಂಚಿನ, ಕಡಲಂಚಿನ ಚಿಕ್ಕ ಮನೆಗಳು. ಕನ್ನಡದವಳಿಗೆ ವೆಪ್ಸ್ ಕಲಿಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ನಾವು ಮನೆ, ಮನೆಯಲ್ಲಿ, ಮನೆಯಿಂದ ಎಂದು ಪದದ ಬಾಲಕ್ಕೆ ಬಾಲ ಜೋಡಿಸುವಂತೆ ಅವರೂ ಕೊದಿ, ಕೊದಿಶ್, ಕೊದಿಶ್‌ಪ್ಯಾಯ್ ಎಂದು ಜೋಡಿಸುತ್ತಾರೆ. ನಮ್ಮ ‘ಒಲ್ಲೆ’ ಎಂಬ ಒಂದೇ ಪದದೊಳಗೆ ನಾನೂ ಇದ್ದೇನೆ, ಇಲ್ಲವೆನ್ನುವುದೂ ಇದೆ. ಅವರ ‘ಎನ್’ ಕೂಡ ಹಾಗೆಯೇ. ನಾವು ಹೊತ್ತು ಹುಟ್ಟಿತು ಎಂದಾಗ ಸೂರ್ಯ, ಹೊತ್ತು ಹೋಯಿತು ಎಂದಾಗ ಕಾಲ. ಅವರಿಗೂ ಸೂರ್ಯನಿಗೆ, ದಿನಕ್ಕೆ ಒಂದೇ ಪದ: ಪ್ಯಾಯ್ವ್. ನಾಲ್ಕು ವರ್ಷ ಪುಸ್ತಕದಿಂದ ಕಲಿತೆ, ಪರೀಕ್ಷೆಯಲ್ಲಿ ಮೊದಲಿಗಳಾದೆ. ಅದನ್ನು ಹೇಳಿಕೊಳ್ಳಲು ನನಗೆ ಬಹಳ ಇಷ್ಟವಿತ್ತು.

ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ನನ್ನನ್ನು ಕೈದ್ಯಾರ್ವ್ ಎಂಬ ಊರಿಗೆ ಕಳಿಸಿದರು. ಹೆಸರಿನ ಅರ್ಥ ಸಪೂರ ಸರೋವರ. ಹತ್ತೊಂಬತ್ತು ಮನೆ, ಬೂದು ಬಣ್ಣಕ್ಕೆ ತಿರುಗಿದ ಮರದ ಗೋಡೆಗಳು, ಪ್ರತಿ ಮನೆಯ ಹಿಂದೆ ನೀರಿನಂಚಿಗೆ ಒಂದು ಹಬೆಸ್ನಾನದ ಗುಡಿಸಲು. ಆಗ ನೀರ್ದಾರಿ ಕಟ್ಟುತ್ತಿದ್ದರು. ಉತ್ತರದ ಸಿಹಿನೀರನ್ನು ಬತ್ತಿದ ತೆಂಕಣ ನಾಡುಗಳಿಗೆ ಒಯ್ಯುವ, ಅರ್ಧ ಹರದಾರಿ ಅಗಲದ ಕಾಲುವೆ ಅದು. ನೇರವಾಗಿ ಹೋದರೆ ಕೈದ್ಯಾರ್ವ್ ನಡುವೆಯೇ ಹಾಯುತ್ತಿತ್ತು. ಊರು ನುಡಿನೆಲವಾಗಿ ಉಳಿದರೆ ಕಾಲುವೆ ಸುತ್ತುಬಳಸಿ ಹೋಗಬೇಕು. ಊರಲ್ಲಿ ವೆಪ್ಸ್ ಆಡುವವರೆಂದು ಪಟ್ಟಿಯಲ್ಲಿ ಉಳಿದಿದ್ದವರು ಒಬ್ಬರೇ: ಪೆಲಗೇಯಾ ಎಂಬ ಎಪ್ಪತ್ತೊಂಬತ್ತರ ಮುದುಕಿ. ಮನೆಯಲ್ಲಿ, ಊರಲ್ಲಿ ಅವರನ್ನು ಪಲಗ್ ಎನ್ನುತ್ತಿದ್ದರು. ನಾನು ಬಾಬೊಯ್ ಎಂದು ಕರೆದೆ, ಅಜ್ಜಿ ಎಂದು ಅರ್ಥ.

ಪಲಗ್ ಅಜ್ಜಿ ಕುಳ್ಳಗೆ, ಗಟ್ಟಿಮುಟ್ಟಾಗಿ ಇದ್ದರು. ಬಲೆ ಹೆಣೆದು ಹೆಣೆದು ಬೆರಳು ಸೊಟ್ಟಗಾಗಿದ್ದವು. ಜೊತೆಗಿದ್ದವಳು ಮೊಮ್ಮಗಳು ರೈದಾ, ಇಪ್ಪತ್ತಾರರವಳು. ಅಜ್ಜಿಯ ಮಾತು ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ರಷ್ಯನ್ನಿನಲ್ಲಿ ಕೊಡುತ್ತಿದ್ದಳು. ನನ್ನನ್ನು ಅವರದೇ ಮನೆಯಲ್ಲಿ ಇರಿಸಿಕೊಂಡರು. ರೈ ಹಿಟ್ಟನ್ನು ಹಾಳೆಯ ಹಾಗೆ ಲಟ್ಟಿಸಿ, ನಡುವೆ ಬೇಯಿಸಿದ ಆಲೂಗಡ್ಡೆ ಹರಡಿ, ಅಂಚನ್ನು ಚಿವುಟಿ ಒಲೆಯಲ್ಲಿ ಸುಡುವ ಕಲಿತ್ಕಾ ಎಂಬ ತಿಂಡಿಯನ್ನು ಮೂರು ದಿನವೂ ಮಾಡಿದರು. ನನಗೆ ಇಷ್ಟವಾಯಿತೆಂದು ಗೊತ್ತಾದ ಮೇಲೆ ತಟ್ಟೆ ಖಾಲಿಯಾಗಲು ಬಿಡಲಿಲ್ಲ. ಒಂದು ಸಂಜೆ ಕಾಡಿಗೆ ಕರೆದೊಯ್ದರು. ಮರಗಳ ಸಾಲು ಶುರುವಾಗುವಲ್ಲಿ ನಿಂತು, ಕಾಡಿನ ಒಡೆಯನಿಗೆ ನನ್ನ ಪರಿಚಯ ಹೇಳಿ, ದೂರದಿಂದ ಬಂದವಳು, ದಾರಿ ತಪ್ಪಿಸಬೇಡ ಎಂದು ಕೇಳಿಕೊಂಡು, ಮೋಟುಮರದ ಮೇಲೆ ಒಂದು ತುಂಡು ರೊಟ್ಟಿ ಇಟ್ಟರು. ಆ ಮಾತನ್ನೆಲ್ಲ ನಾನು ಬರೆದುಕೊಳ್ಳಲಿಲ್ಲ, ಅದು ಪರೀಕ್ಷೆಯ ಭಾಗವಾಗಿರಲಿಲ್ಲ.

ಪರೀಕ್ಷೆ ನಡೆಯುವುದು ಒರೆಗಿವಿಯ ಮುಂದೆ. ಒರೆಗಿವಿ ಅಂಗೈಯಗಲದ ಒಂದು ಕಪ್ಪು ಬಿಲ್ಲೆ. ಆಡಿದ ಮಾತನ್ನು ಕೇಳಿ, ತನ್ನೊಳಗಿನ ಮೂಲಪುಸ್ತಕದೊಂದಿಗೆ ಹೋಲಿಸಿ, ಸರಿಯಾದರೆ ಹಸಿರಾಗಿ, ತಪ್ಪಾದರೆ ಕೆಂಪಾಗಿ ಮಿನುಗುತ್ತದೆ. ನೂರಕ್ಕೆ ಎಪ್ಪತ್ತು ಹಸಿರು ಬಂದರೆ ಮಾತಾಳು. ಮೂಲಪುಸ್ತಕವನ್ನು ನಿಮ್ಮ ಕಾಲದ ಅಚ್ಚಿನ ವೆಪ್ಸ್‌ನಿಂದ ಕಟ್ಟಿದ್ದರು. ಪುಸ್ತಕದಿಂದ ಕಲಿತವರಿಗೆ ಅದು ಸುಲಭ. ಲಾಟ್ವಿಯಾದ ಕಡಲಂಚಿನಲ್ಲಿ ಲಿವೋನಿಯನ್ ನುಡಿಯನ್ನು ಪುಸ್ತಕದಿಂದ ಮತ್ತೆ ಎಬ್ಬಿಸಿಕೊಂಡ ಜನರಿದ್ದಾರೆ. ಅವರ ಹತ್ತು ವರ್ಷದ ಮಕ್ಕಳು ತಮ್ಮ ನುಡಿಯ ಪರೀಕ್ಷೆಯಲ್ಲಿ ನಗುನಗುತ್ತ ತೊಂಬತ್ತು ಗಳಿಸುತ್ತಿದ್ದರು. ಅದನ್ನು ಕಂಡಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು. ಪಲಗ್ ಅಜ್ಜಿ ಮಾತ್ರ ಪುಸ್ತಕವನ್ನೇ ನೋಡಿದವರಲ್ಲ.

ಮೊದಲ ದಿನವೇ ಕೆಂಪು ಶುರುವಾಯಿತು. ಸೂರ್ಯನ ಚಿತ್ರ ತೋರಿಸಿದೆ. ಅವರು ‘ಪ್ಯಾವ್’ ಅಂದರು. ಪುಸ್ತಕದಲ್ಲಿರುವುದು ಪ್ಯಾಯ್ವ್. ಕೆಂಪು. ಇಂಥ ಪದಗಳಲ್ಲೆಲ್ಲ ಅವರು ನಡುವಿನ ‘ಯ್’ ನುಂಗಿ ಸ್ವರವನ್ನು ಎಳೆಯುತ್ತಿದ್ದರು, ಒಂದು ಸಲವೂ ತಪ್ಪದೆ ಹಾಗೆಯೇ ಎಳೆಯುತ್ತಿದ್ದರು. ಎರಡನೆಯ ದಿನ ಮಂಜುಗಡ್ಡೆಯ ಚಿತ್ರ ತೋರಿಸಿದೆ. ಪುಸ್ತಕದಲ್ಲಿ ಅದಕ್ಕೆ ಒಂದೇ ಪದ, ‘ಯ್ಯಾ’. ಅಜ್ಜಿ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಅವರು ಹೇಳಿದ್ದನ್ನು ಕನ್ನಡಕ್ಕೆ ತರಲು ಹೊರಟರೆ ನನಗೆ ನಮ್ಮ ಹನೂರಿನ ಆಡುಮಾತೇ ನಾಲಿಗೆಗೆ ಬರುತ್ತದೆ.

“ಯಾವ್ದವ್ವ ಇದು? ಕಾಲಿಕ್ಕುದ್ರೆ ಕೂಗ್ತದಲ್ಲ, ಅದಾ? ಇಲ್ಲ ಅಂಚಲ್ಲಿ ಆಲ್ ಕೆನೆ ಕಟ್ದಂಗೆ ಕಟ್ತದಲ್ಲ, ಅದಾ?”

ಹನ್ನೊಂದು ಬಗೆಯ ಮಂಜುಗಡ್ಡೆಗೆ ಹನ್ನೊಂದು ಹೆಸರು ಹೇಳಿದರು. ಹತ್ತೊಂಬತ್ತು ವರ್ಷದವರಾಗುವ ತನಕ ಅವರು ಅದರ ಮೇಲೆ ನಡೆದಾಡಿದವರು. ಯಾವುದರ ಮೇಲೆ ಗಾಡಿ ಹೋಗಬಹುದು, ಯಾವುದು ಮಗುವನ್ನೂ ತಾಳದು, ಯಾವುದರ ಕೆಳಗೆ ಮೀನು ಮಲಗುತ್ತದೆ ಎಂದು ಕೈಯಲ್ಲಿ ತೋರಿಸಿ ತೋರಿಸಿ ಹೇಳಿದರು. ಒರೆಗಿವಿಗೆ ಗೊತ್ತಿದ್ದುದು ಒಂದು. ಹತ್ತು ಕೆಂಪು ಬಿದ್ದವು.

ಒಂದೇ ಬಗೆಯಲ್ಲಿ ಮತ್ತೆ ಮತ್ತೆ ಬರುವ ತಪ್ಪು ತಪ್ಪಲ್ಲ, ಅದು ಒಂದು ಊರಿನ ರೀತಿ. ಇದು ಒರೆಗಾರರ ತರಬೇತಿಯ ಮೊದಲ ವಾರದ ಪಾಠ. ವರದಿಯಲ್ಲಿ ‘ಊರ ಬಗೆ ಇರಬಹುದು, ಸಂಶಯವಿದೆ’ ಎಂದು ಬರೆಯಲು ಒಂದು ಜಾಗವೇ ಇದೆ. ಹಾಗೆ ಬರೆದರೆ ಇನ್ನೊಬ್ಬ ಒರೆಗಾರ ಹಳೆಯ ಧ್ವನಿಮುದ್ರಣಗಳನ್ನು ಹುಡುಕಿ ತಂದು ಮತ್ತೆ ಕೇಳುತ್ತಾನೆ. ಅಲ್ಲಿಯವರೆಗೆ ನೆಲವನ್ನು ಮುಟ್ಟುವಂತಿಲ್ಲ. ಎರಡನೆಯ ದಿನದ ಸಂಜೆಯೇ ನನಗೆ ಸಂಶಯ ಹುಟ್ಟಿತ್ತು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಗೊತ್ತಾಗದೆ ಆದ ತಪ್ಪು ಎಂದು ಮುಂದೆ ಕಚೇರಿಗೆ ಬರೆದದ್ದು ಸುಳ್ಳು.

ಮೂರನೆಯ ದಿನ ಏನಾಯಿತೆಂದರೆ, ನೆರೆಮನೆಯ ನಾಲ್ಕು ಹೆಂಗಸರು ಜಗಲಿಯ ಮೆಟ್ಟಿಲ ಮೇಲೆ ಬಂದು ಕೂತಿದ್ದರು. ಅವರ ಮುಂದೆ ನಾನು ಅಜ್ಜಿಯನ್ನು ಒಂದು ಕಥೆ ಹೇಳುವಂತೆ ಕೇಳಿದೆ. ನನ್ನ ವಾಕ್ಯ ಉದ್ದವಾಗಿತ್ತು, ವಿಭಕ್ತಿಗಳೆಲ್ಲ ಜಾಗದಲ್ಲಿದ್ದವು, ನನಗೇ ಮೆಚ್ಚುಗೆಯಾಗಿತ್ತು. ಅಜ್ಜಿ ತಲೆದೂಗಿದರು.

“ನಿನ್ ಮಾತು ಬಲು ಚೆಂದಾಗದೆ ಕನವ್ವ. ಕಾಲ್ಗೆ ಕೆಸರೇ ಮೆತ್ತಿಲ್ದೆ ಇರೋ ಮಾತು.”

ಮೆಟ್ಟಿಲ ಮೇಲಿದ್ದವರು ನಕ್ಕರು, ರೈದಾ ನಕ್ಕಳು, ಅಜ್ಜಿಯೂ ಬಾಯಿಗೆ ಸೆರಗಿನಂತೆ ತಲೆವಸ್ತ್ರದ ಅಂಚು ಹಿಡಿದು ನಕ್ಕರು. ಕೇಡಿನ ನಗೆ ಅಲ್ಲ ಅದು. ಮನೆಗೆ ಬಂದ ಸೊಸೆಯನ್ನು ನೋಡಿ ನಗುವ ನಗೆ. ಆದರೆ ನನ್ನ ಕಿವಿ ಬಿಸಿಯಾಯಿತು. ಚಿಕ್ಕವಳಿದ್ದಾಗ ಶಾಲೆಯಲ್ಲಿ ಹಾಲಿಗೆ ‘ಆಲು’ ಎಂದದ್ದಕ್ಕೆ ಇಡೀ ತರಗತಿ ನಕ್ಕಿತ್ತು. ಅಂದು ಮನೆಗೆ ಬಂದು, ಆ ಮಾತು ಕಲಿಸಿದ ನನ್ನ ಅಜ್ಜಿಯ ಮೇಲೆ ಕೂಗಾಡಿದ್ದೆ. ಆ ಮೇಲೆ ಹಕಾರ ತಿದ್ದಿಕೊಂಡು, ಪುಸ್ತಕದ ಮಾತನ್ನೇ ಹಿಡಿದು ಮೇಲೆ ಬಂದವಳು ನಾನು. ಪುಸ್ತಕದ ಮಾತಿಗೂ ಯಾರಾದರೂ ನಗಬಹುದು ಎನ್ನುವುದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

ಮಧ್ಯಾಹ್ನ ಅಂಕ ಕೂಡಿಸಿದೆ. ಅರವತ್ತನಾಲ್ಕು. ಸಂಶಯದ ಜಾಗದ ಮೇಲೆ ಬೆರಳಿಟ್ಟುಕೊಂಡು ಕೂತೆ. ಸಂಶಯ ಬರೆದರೆ ಎರಡನೆಯ ಒರೆಗಾರ ಬರುವ ತನಕ ನಾನು ಆ ಊರಲ್ಲೇ ಇರಬೇಕಿತ್ತು, ಒಂದು ತಿಂಗಳೋ ಎರಡೋ. ವಾರದ ದೋಣಿ ನಾಲ್ಕು ಗಂಟೆಗೆ ಹೊರಡುವುದಿತ್ತು. ಆ ಜಾಗವನ್ನು ಖಾಲಿ ಬಿಟ್ಟು, ಕೆಳಗೆ ಕಾನೂನಿನ ಒಂದೇ ಸಾಲು ಬರೆದೆ: ಈಕೆ ಮಾತಾಳಲ್ಲ. ಹೆಸರು ಬರೆಯುವ ಪದ್ಧತಿ ಇರಲಿಲ್ಲ, ಸಂಖ್ಯೆ ಬರೆದೆ.

ಫಲಿತಾಂಶ ಆಮೇಲೆ ಕಚೇರಿಯಿಂದ ತಿಳಿಯುತ್ತದೆ ಎಂದು ಅಜ್ಜಿಗೆ ಹೇಳಿದೆ. ಅವರು ದಾರಿಯಲ್ಲಿ ಹಸಿವಾದೀತು ಎಂದು ಬಿಳಿ ಬಟ್ಟೆಯಲ್ಲಿ ಎಂಟು ಕಲಿತ್ಕಾ ಕಟ್ಟಿ ಕೊಟ್ಟರು. ದೋಣಿಕಟ್ಟೆಯವರೆಗೆ ಬಂದು, ನಾನು ಹತ್ತಿ ಕೂರುವ ತನಕ ನಿಂತಿದ್ದರು. ದೋಣಿ ಸರೋವರದ ನಡುವೆ ಬಂದಾಗ ಗಂಟು ಬಿಚ್ಚಿ ತಿಂದೆ. ಇನ್ನೂ ಬಿಸಿಯಿದ್ದವು. ಎಂಟನ್ನೂ ತಿಂದೆ.

ಒಂಬತ್ತು ತಿಂಗಳಿಗೆ ಊರು ಎತ್ತಿದರು. ಹತ್ತೊಂಬತ್ತು ಮನೆಯವರನ್ನು ಪಟ್ಟಣದ ಅಂಚಿನ ಎರಡು ಕಟ್ಟಡಗಳಿಗೆ ಒಯ್ದರು. ಆ ವರ್ಷದ ಕೊನೆಗೆ ರೈದಾ ನನಗೊಂದು ಕಾಗದ ಬರೆದಳು. ಅದರಲ್ಲಿ ಬೈಗುಳವಿರಲಿಲ್ಲ, ದೂರು ಕೂಡ ಇರಲಿಲ್ಲ. ಯಾವ ಯಾವ ಪದ ತಪ್ಪಾದವು ಎಂದು ಬಾಬೊಯ್‌ಗೆ ತಿಳಿಯಬೇಕಂತೆ, ದಯವಿಟ್ಟು ಪಟ್ಟಿ ಕಳಿಸುತ್ತೀರಾ, ಅಷ್ಟೇ. ಒರೆಗಾರರು ಉತ್ತರ ಕೊಡಬೇಕಾಗಿಲ್ಲ ಎಂದು ನಿಯಮದಲ್ಲಿತ್ತು. ನಿಯಮದ ಹಿಂದೆ ಅಡಗಿಕೊಂಡೆ. ಕಾಗದವನ್ನು ಮೇಜಿನ ಒಳಗೆ, ಇತರ ಕಾಗದಗಳ ಕೆಳಗೆ ಇಟ್ಟೆ.

ಮೂರು ವರ್ಷ ಕಳೆದವು. ಹಳೆಯ ಧ್ವನಿಪಟ್ಟಿಗಳನ್ನು ಗುರುತಿಸಿ ಜೋಡಿಸಿಡುವ ಕೆಲಸ ನನ್ನ ಪಾಲಿಗೆ ಬಂತು. ನಿಮ್ಮ ಅಜ್ಜಂದಿರ ಕಾಲದಲ್ಲಿ ವಿದ್ಯಾರ್ಥಿಗಳು ದೊಡ್ಡ ಯಂತ್ರ ಹೊತ್ತು ಹಳ್ಳಿಹಳ್ಳಿಗೆ ನಡೆದು ತುಂಬಿಸಿಕೊಂಡು ಬಂದ ಕಂದು ಸುರುಳಿಗಳು ಅವು. ಸಾವಿರಾರು ಇದ್ದವು, ಅರ್ಧಕ್ಕರ್ಧ ಯಾರೂ ಕೇಳಿಯೇ ಇರಲಿಲ್ಲ. ಒಂದು ಪೆಟ್ಟಿಗೆಯ ಮೇಲೆ ‘ಕೈದ್ಯಾರ್ವ್, ಹೆಂಗಸು, ೭೧’ ಎಂದು ಪೆನ್ಸಿಲ್ಲಿನಲ್ಲಿ ಬರೆದಿತ್ತು. ಬೆಳಿಗ್ಗೆ ಹತ್ತು ಗಂಟೆ, ಕಿಟಕಿಯಲ್ಲಿ ಬಿಸಿಲಿತ್ತು. ಪಟ್ಟಿ ತಿರುಗಿಸಿದೆ. ಒಂದು ಹೆಂಗಸು ಚಳಿಗಾಲದ ಮೀನುಗಾರಿಕೆಯ ವಿಷಯ ಹೇಳುತ್ತಿದ್ದಳು. ‘ಪ್ಯಾವ್’ ಅಂದಳು. ಮತ್ತೆ ‘ಪ್ಯಾವ್’ ಅಂದಳು. ಆ ಮೇಲೆ ಮಂಜುಗಡ್ಡೆಯ ಮಾತು ಬಂತು. ಪಲಗ್ ಅಜ್ಜಿ ನನಗೆ ಹೇಳಿದ್ದ ಹನ್ನೊಂದು ಹೆಸರುಗಳಲ್ಲಿ ಏಳನ್ನು ಆ ಹೆಂಗಸು, ಹುಟ್ಟಿ ಇನ್ನೂರೈವತ್ತು ವರ್ಷವಾಗಿದ್ದ ಹೆಂಗಸು, ಅದೇ ಎಳೆತದಲ್ಲಿ ಹೇಳಿದಳು.

ಪಟ್ಟಿಯನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಕಪಾಟಿನ ಅದೇ ಜಾಗದಲ್ಲಿಟ್ಟು ಮನೆಗೆ ಹೋದೆ.

ಏಳು ತಿಂಗಳು ಸುಮ್ಮನಿದ್ದೆ. ಆಗ ನನ್ನನ್ನು ಒರೆಗಾರರ ಮುಖ್ಯಸ್ಥೆ ಮಾಡುವ ಮಾತು ನಡೆಯುತ್ತಿತ್ತು. ಇವತ್ತಲ್ಲ, ಮುಂದಿನ ವಾರ ಬರೆಯೋಣ ಎಂದು ಪ್ರತಿ ಸೋಮವಾರ ಅಂದುಕೊಳ್ಳುತ್ತಿದ್ದೆ. ಮುಖ್ಯಸ್ಥೆಯಾದೆ. ಆದ ಮೇಲೆ ಬರೆದೆ. ಹಳೆಯ ಧ್ವನಿಪಟ್ಟಿಯೊಂದು ಸಿಕ್ಕಿದೆ, ಆಗ ಗೊತ್ತಾಗದೆ ತಪ್ಪಾಗಿತ್ತು ಎಂದು ಬರೆದೆ. ಕಚೇರಿಯಿಂದ ಮರ್ಯಾದೆಯ ಉತ್ತರ ಬಂತು: ನಾಲ್ಕು ತಿಂಗಳ ಹಿಂದೆಯೇ ನೀರ್ದಾರಿಯ ನೀರು ಬಿಟ್ಟಾಗಿದೆ, ತಿದ್ದುಪಡಿಯನ್ನು ಕಡತಕ್ಕೆ ಸೇರಿಸಲಾಗಿದೆ. ನಾಲ್ಕು ತಿಂಗಳು. ಆ ಧ್ವನಿಪಟ್ಟಿಯನ್ನು ಕೇಳಿದ ದಿನವೇ ಬರೆದಿದ್ದರೆ ಸರೋವರ ಇನ್ನೂ ಅಲ್ಲಿತ್ತು. ಜನರನ್ನು ಎಬ್ಬಿಸಿದ್ದರೂ ಮನೆಗಳು ನಿಂತಿದ್ದವು.

ಅದಾದ ಮೇಲೆ ಪಲಗ್ ಅಜ್ಜಿಯ ಬಳಿಗೆ ಹೋದೆ. ಧ್ವನಿಪಟ್ಟಿಯ ಒಂದು ನಕಲು ತೆಗೆದುಕೊಂಡು ಹೋದೆ. ಮೂರನೆಯ ಮಹಡಿಯ ಮನೆ. ರೈದಾ ಬಾಗಿಲು ತೆಗೆದಳು. ನನ್ನನ್ನು ಗುರುತಿಸಿದಳು, ಒಳಗೆ ಬನ್ನಿ ಅಂದಳು. ಅಜ್ಜಿ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಕೈಯಲ್ಲಿ ಬಲೆ ಇರಲಿಲ್ಲ, ಏನೂ ಇರಲಿಲ್ಲ. ಬಹಳ ಬಡವಾಗಿದ್ದರು. ನಾನು ವೆಪ್ಸ್‌ನಲ್ಲಿ ಮಾತು ಶುರುಮಾಡಿದೆ, ಅವರ ಊರಿನ ಬಗೆಯಲ್ಲಿ, ‘ಯ್’ ನುಂಗಿ, ಸ್ವರ ಎಳೆದು. ತಪ್ಪು ನನ್ನದು, ನಿಮ್ಮ ಒಂದು ಪದವೂ ತಪ್ಪಾಗಿರಲಿಲ್ಲ ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

“ಎನ್ ಪಗಿಝೆ,” ಅಂದರು. ನಾನು ಮಾತಾಡುವುದಿಲ್ಲ ಎಂದು ಅರ್ಥ. ಮಾತಾಳಲ್ಲ ಎಂಬುದಕ್ಕೂ ಅವರ ನುಡಿಯಲ್ಲಿ ಬೇರೆ ಪದವಿಲ್ಲ.

ಏನು ಮಾಡಬೇಕೆಂದು ತೋಚದೆ ಪಟ್ಟಿಯನ್ನು ಹಾಕಿದೆ. ಆ ಹಳೆಯ ಧ್ವನಿ ಕೋಣೆಯಲ್ಲಿ ತುಂಬಿಕೊಂಡಿತು. ಅಜ್ಜಿಯ ಕೈಗಳು ಕುರ್ಚಿಯ ತೋಳನ್ನು ಹಿಡಿದವು. ಮುಗಿಯುವ ತನಕ ಅಲುಗಾಡಲಿಲ್ಲ. ಮುಗಿದ ಮೇಲೆ ವೆಪ್ಸ್‌ನಲ್ಲೇ ಒಂದು ಪದ ಕೇಳಿದರು: “ಕೆನ್?” ಯಾರು?

ಪೆಟ್ಟಿಗೆಯ ಮೇಲೆ ಹೆಸರಿಲ್ಲ, ಹೆಂಗಸು ಎಂದಷ್ಟೇ ಇದೆ ಅಂದೆ. ಅವರು ಕಿಟಕಿಯ ಕಡೆ ತಿರುಗಿದರು. ಆ ಮೇಲೆ ರಷ್ಯನ್ನಿನಲ್ಲಿ, ನಿಧಾನವಾಗಿ ಮಾತಾಡಿದರು. ಅಂದಿನಿಂದ ಈವರೆಗೆ ಆ ಮಾತು ನನ್ನ ಕಿವಿಯಲ್ಲಿ ನಮ್ಮೂರ ಮಾತಾಗಿಯೇ ಉಳಿದಿದೆ.

“ನೆಲ ವೋದ್ದು ವೋಯ್ತು, ಬುಡು. ನೀನು ತಪ್ಪು ಅಂತ ಬರ್ದ್ಮೇಲೆ ನಾಕ್ ವರ್ಸ ನಾನು ನಮ್ಮವ್ವನ್ ಮೇಲೆ ಅನುಮಾನ ಪಟ್ಟೆ. ಅವ್ಳು ನಂಗೆ ತಪ್ಪಾಗಿ ಏಳ್ಕೊಟ್ಬುಟ್ಳೇನೋ ಅಂತ. ಸತ್ತೋಳ್ ಮೇಲೆ ಅನುಮಾನ. ಅದ ಎಂಗವ್ವ ವಾಪಸ್ ಕೊಟ್ಟೀಯೆ?”

ನಾನು ಅತ್ತೆ. ಅಳುವ ಹಕ್ಕು ನನಗಿರಲಿಲ್ಲ. ರೈದಾ ನೀರು ತಂದು ಕೊಟ್ಟಳು. ಅದು ಅಜ್ಜಿ ಹೇಳಿ ತರಿಸಿದ್ದು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಕ್ಷಮಿಸುವುದಿಲ್ಲ ಎಂದೂ ಹೇಳಲಿಲ್ಲ. ಪಟ್ಟಿಯ ನಕಲನ್ನು ಮಾತ್ರ ಇಟ್ಟುಕೊಂಡರು. ಮಾರನೆಯ ವಸಂತದಲ್ಲಿ ತೀರಿಕೊಂಡರೆಂದು ರೈದಾ ಎರಡು ಸಾಲು ಬರೆದಳು. ದಿನಾ ಬೆಳಿಗ್ಗೆ ಆ ಪಟ್ಟಿಯನ್ನು ಹಾಕಿಸಿಕೊಂಡು ಕೇಳುತ್ತಿದ್ದರಂತೆ. ಒಂದು ಸಲವೂ ಅದಕ್ಕೆ ಮಾರುತ್ತರ ಕೊಡಲಿಲ್ಲವಂತೆ.

ಆ ಮೇಲೆ ನಾನು ಕೆಲಸ ಬಿಟ್ಟೆ. ಊರಿಗೆ ಹಿಂದಿರುಗಲಿಲ್ಲ. ಇಲ್ಲೇ ದಡದಲ್ಲಿ ಉಳಿದು, ಕೈದ್ಯಾರ್ವ್‌ನ ಆ ಒಂದು ಪಟ್ಟಿಯನ್ನು ಸಾವಿರ ಸಲ ಕೇಳಿ, ಅದರ ಪದಗಳನ್ನೂ ಅಜ್ಜಿಯಿಂದ ಆ ಮೂರು ದಿನ ಕೇಳಿ ನೆನಪಿನಲ್ಲಿ ಉಳಿದವನ್ನೂ ಬರೆದಿಟ್ಟೆ. ಮೂಲಪುಸ್ತಕಕ್ಕೆ ಅವನ್ನು ಸೇರಿಸಿದ್ದಾರೆ. ಕಾಡಿನ ಒಡೆಯನಿಗೆ ಅಜ್ಜಿ ಹೇಳಿದ ಮಾತು ಮಾತ್ರ ನೆನಪಿಗೆ ಬರಲೇ ಇಲ್ಲ. ಎಷ್ಟೋ ಸಲ ಮರಗಳ ಸಾಲಿನಲ್ಲಿ ನಿಂತು ಪ್ರಯತ್ನಿಸಿದ್ದೇನೆ, ಮೊದಲ ಪದವೂ ಬರುವುದಿಲ್ಲ. ರೈದಾಳಿಗೆ ಧ್ವನಿಪಟ್ಟಿಯ ಮಾತು ಅರ್ಥವಾಗುತ್ತದೆ, ಆಡಲು ಬಾರದು. ಆಡಲು ಅವಳಿಗೆ ಮನಸ್ಸೂ ಇಲ್ಲ, ಆಡು ಎಂದು ಕೇಳಿಕೊಳ್ಳುವ ಯೋಗ್ಯತೆ ನನಗಿಲ್ಲ.

ಕಳೆದ ವರ್ಷ ಒಬ್ಬಳು ಹೊಸ ಒರೆಗಾರ್ತಿ ನನ್ನ ಮನೆಗೆ ಬಂದಳು, ದಕ್ಷಿಣ ಅಮೆರಿಕದ ಕಡೆಯವಳು, ಬಹಳ ವಿನಯದ ಹುಡುಗಿ. ಕೈದ್ಯಾರ್ವ್ ಬಗೆಯನ್ನು ಆಡಬಲ್ಲವರು ಈಗ ಭೂಮಿಯ ಮೇಲೆ ನಾನೊಬ್ಬಳೇ ಎಂದು ಲೆಕ್ಕ ಸಿಕ್ಕಿದೆಯಂತೆ. ತಾಯಿಯ ಬಾಯಿಂದ ಕಲಿತವರು ಯಾರೂ ಉಳಿಯದಿದ್ದರೆ ಕೊನೆಯದಾಗಿ ಆಡಿದವರಿಂದ ಕಲಿತವರೂ ಆದೀತೆಂದು ಕಾನೂನನ್ನು ಸಡಿಲಿಸಿದ್ದಾರೆ. ಒರೆಗಿವಿಯ ಮುಂದೆ ಹತ್ತು ನಿಮಿಷ ಮಾತಾಡಿ, ತೊಂಬತ್ತಕ್ಕೆ ಕಡಿಮೆ ಬರುವುದಿಲ್ಲ, ನಿಮ್ಮನ್ನು ಮಾತಾಳು ಎಂದು ಬರೆದುಕೊಳ್ಳುತ್ತೇವೆ ಎಂದಳು. ಅವಳಿಗೆ ಚಹಾ ಮಾಡಿಕೊಟ್ಟೆ. ಆಗುವುದಿಲ್ಲ ಎಂದೆ. ಏಕೆ ಎಂದು ಕೇಳಿದಳು. ಅವಳಿಗೆ ಹೇಳಲಾಗದ್ದನ್ನು ನಿಮಗೆ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಒಂದು ಕೋರಿಕೆ ಇದೆ. ಪಲಗ್ ಅಜ್ಜಿಯ ಅಜ್ಜಿ ನಿಮ್ಮ ಕಾಲದಲ್ಲಿ ಹನ್ನೆರಡು ಹದಿಮೂರರ ಹುಡುಗಿ. ಅವಳನ್ನು ಹುಡುಕಿಕೊಂಡು ಹೋಗಿ ಎಂದು ನಾನು ಹೇಳುವುದಿಲ್ಲ. ಅದು ನಿಮ್ಮ ದಾರಿಯಲ್ಲ. ಆದರೆ ನಿಮ್ಮ ಬೀದಿಯಲ್ಲಿ, ನಿಮ್ಮ ಬಸ್ಸಿನಲ್ಲಿ, ನಿಮ್ಮ ಅಡುಗೆಮನೆಯಲ್ಲಿ ನಿಮಗೆ ತಪ್ಪೆಂದು ಕೇಳಿಸುವ ಪದವೊಂದನ್ನು ಯಾರಾದರೂ ಆಡಿದರೆ ತಿದ್ದಬೇಡಿ. ಅದನ್ನು ನಿಮಗೆ ಯಾರು ಹೇಳಿಕೊಟ್ಟರು ಎಂದು ಕೇಳಿ. ಅವರು ಅವ್ವನ, ಅಜ್ಜಿಯ, ಸೋದರತ್ತೆಯ ಹೆಸರು ಹೇಳುತ್ತಾರೆ. ಆ ಹೆಸರನ್ನು ಬರೆದಿಡಿ. ಧ್ವನಿ ಹಿಡಿಯುವ ಯಂತ್ರಗಳು ನಿಮ್ಮೆಲ್ಲರ ಜೇಬಿನಲ್ಲಿವೆ ಎಂದು ಓದಿದ್ದೇನೆ. ಮಾತನ್ನು ಹಿಡಿಯುವ ಮುಂಚೆ ಹೆಸರು ಕೇಳಿ. ನನ್ನ ಅಜ್ಜಿಯ ಮೇಲೆ ಕೂಗಾಡಿದ ದಿನ ನಾನು ಅವಳನ್ನು ಕೇಳಬಹುದಿತ್ತು. ಅವಳ ತಾಯಿಯ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ವರದಿ ಕಚೇರಿಯ ಕಡತದಲ್ಲಿ ಈಗಲೂ ಸಂಖ್ಯೆಯಾಗಿಯೇ ಇದೆ, ಅದನ್ನು ಬದಲಿಸುವ ಅಧಿಕಾರ ನನಗಿಲ್ಲ. ಅವರ ಹೆಸರು ಈ ಕಾಗದದಲ್ಲಿ ಮಾತ್ರ ಇದೆ, ಅವರ ಅವ್ವನ ಹೆಸರೂ. ಆಕೆ ಕೈದ್ಯಾರ್ವ್ ಊರಿನವರು, ಬಲೆ ಹೆಣೆಯುವವರು, ನಾಸ್ತ್ಯಳ ಮಗಳು, ಹೆಸರು ಪಲಗ್.

ಚಿಕ್ಕತಾಯಿ